ಸುವಾದಲ್ಲಿ ಬೇಡವೆಂದ ಮೇಲೆ

ಸುವಾಕ್ಕೆ ಹೋಗಿಬಂದೆವು ಎಂದರೆ ಬ್ರಿಸ್ಬೇನಿನ ನಮ್ಮ ಜನ ಮೊದಲು ಕೇಳುವುದು ಬೀಚ್ ಹೇಗಿತ್ತು ಎಂದು. ಸುವಾದಲ್ಲಿ ಹೇಳಿಕೊಳ್ಳುವಂಥ ಬೀಚ್ ಇಲ್ಲ. ಫಿಜಿಯ ರಾಜಧಾನಿ ಅದು. ಸಮುದ್ರ ಇದೆ, ಸಮುದ್ರಕ್ಕೆ ಕಟ್ಟಿದ ಉದ್ದನೆಯ ಗೋಡೆ ಇದೆ, ಸಂಜೆ ಆ ಗೋಡೆಯ ಮೇಲೆ ಕೂತು ಹುರಿದ ಬಟಾಣಿ ತಿನ್ನುವ ಜನ ಇದ್ದಾರೆ, ಮತ್ತೆ ಮಳೆ ಇದೆ. ಜಾಹೀರಾತಿನಲ್ಲಿ ತೋರಿಸುವ ಬಿಳಿ ಮರಳು, ಬಾಗಿದ ತೆಂಗಿನಮರ ಎಲ್ಲ ದ್ವೀಪದ ಇನ್ನೊಂದು ಮಗ್ಗುಲಲ್ಲಿ. ಅಲ್ಲಿಗೆ ಹೋಗಲು ನಮಗೆ ಪುರಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ನಾವು ಹೋದದ್ದು ಮಗಳ ಮದುವೆಯ ಮಾತಿಗೆ.

ಹುಡುಗ ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವನು. ಮಗಳು ಅಲ್ಲೇ ಫಿಸಿಯೋಥೆರಪಿಸ್ಟ್. ಫಿಜಿಯವನು ಎಂದು ಅವಳು ಮೊದಲ ಸಲ ಹೇಳಿದಾಗ ನಾನು ಆಸೆಯಿಂದಲೇ ‘ಫಿಜಿ ಇಂಡಿಯನ್ನಾ?’ ಎಂದು ಕೇಳಿದ್ದೆ. ‘ನೋ ಅಮ್ಮ, ಫಿಜಿಯನ್ ಫಿಜಿಯನ್’ ಎಂದಳು, ಅಂದರೆ ಅಲ್ಲಿನ ಮೂಲನಿವಾಸಿ. ಆಮೇಲೆ ಕೆಲವು ತಿಂಗಳು ನಾನು ಮನೆಯಲ್ಲಿ ಅಗತ್ಯಕ್ಕೆ ತಕ್ಕಷ್ಟೇ ಮಾತಾಡಿದೆ. ನಾನು ಮಾತು ಬಿಟ್ಟರೆ ಮನೆಯಲ್ಲಿ ಎಷ್ಟು ಶಾಂತಿ ಇರುತ್ತದೆ ಎಂಬುದು ನಮ್ಮ ಮನೆಯವರಿಗೆ ಗೊತ್ತಾದದ್ದೇ ಆಗ ಎಂದು ಈಗಲೂ ರೇಗಿಸುತ್ತಾರೆ.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮ ಮನೆಗೆ ಹುಡುಗ ಮೊದಲ ಸಲ ಬಂದ ದಿನ ದೋಸೆ ಮಾಡಿದ್ದೆ. ‘ಇನ್ನೊಂದು ಹಾಕಲೇ?’ ಎಂದೆ. ‘ಯೆಸ್ ಪ್ಲೀಸ್, ಆಂಟಿ’ ಎಂದ. ಮತ್ತೆ ಕೇಳಿದೆ, ಮತ್ತೆ ಯೆಸ್. ಹಿಟ್ಟು ತಳ ಕಂಡಿತು. ಒಂದೇ ಒಂದು ಸಲವೂ ‘ಬೇಡ ಆಂಟಿ, ಸಾಕು’ ಎಂದು ಅವನ ಬಾಯಲ್ಲಿ ಬರಲಿಲ್ಲ. ನಾನು, ನನ್ನ ಗಂಡ ಮರುದಿನ ಬ್ರೆಡ್ಡು ತಿಂದೆವು. ‘ಎಂಥ ಹುಡುಗನೋ, ಉಪಚಾರ ಅನ್ನೋದೇ ಗೊತ್ತಿಲ್ಲ’ ಎಂದು ನಾನು ಗೊಣಗಿದರೆ, ‘ಹಸಿವಾಗಿತ್ತು, ತಿಂದ. ನೀನೇ ತಾನೇ ಕೇಳಿದ್ದು?’ ಎಂದರು ನಮ್ಮ ಮನೆಯವರು. ಅವರು ಡಾಕ್ಟರು. ಕೇಳಿದ್ದಕ್ಕೆ ನೇರ ಉತ್ತರ ಕೊಡುವವರನ್ನು ಕಂಡರೆ ಅವರಿಗೆ ಪ್ರೀತಿ.

ನನಗೆ ಆ ಹುಡುಗ ಹಿಡಿಸಿದ್ದು ನಿಧಾನವಾಗಿ. ನನ್ನ ಜೊತೆ ವಾದಕ್ಕೆ ಇಳಿಯುತ್ತಿದ್ದ. ಕೆಸುವಿನ ಎಲೆಗೆ ಹುಣಿಸೆಹಣ್ಣು ಹಾಕಬೇಕೋ ತೆಂಗಿನಹಾಲು ಹಾಕಬೇಕೋ ಎಂದು ಒಂದು ಭಾನುವಾರ ಪೂರ್ತಿ ಜಗಳವಾಡಿದೆವು. ಸುಮ್ಮನೆ ತಲೆಯಾಡಿಸುವ ಅಳಿಯಂದಿರನ್ನು ನೆಂಟರ ಮನೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ನನ್ನ ಮುಖಕ್ಕೆ ಹೊಡೆದ ಹಾಗೆ ‘ಆಂಟಿ, ಯು ಆರ್ ರಾಂಗ್’ ಎನ್ನುವವನು ಇವನೊಬ್ಬನೇ. ವರ್ಷ ಕಳೆಯುವುದರೊಳಗೆ, ಅವನು ಬರದ ಭಾನುವಾರ ನನಗೇ ಬೇಜಾರಾಗತೊಡಗಿತ್ತು. ಆಯಿತು, ಮದುವೆ ಮಾಡೋಣ ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು ಅದು.

ಹುಡುಗನ ಅಪ್ಪ ಅಮ್ಮ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಸಾಕಿದ್ದು ಅಜ್ಜಿ, ಅಪ್ಪನ ತಾಯಿ. ಅವರ ಕಡೆ ಹೆಣ್ಣು ಕೇಳುವುದೆಂದರೆ ಬರೀ ಮಾತಿನಲ್ಲಿ ಕೇಳುವುದಲ್ಲ. ಗಂಡಿನ ಕಡೆಯವರು ಹೆಣ್ಣಿನ ಹೆತ್ತವರ ಮುಂದೆ ಕೂತು ಒಂದು ತಿಮಿಂಗಿಲದ ಹಲ್ಲನ್ನು ಎರಡು ಕೈಯಲ್ಲಿ ಹಿಡಿದು ನೀಡಬೇಕು. ಹೆತ್ತವರು ತಗೊಂಡರೆ ಒಪ್ಪಿದಂತೆ. ತಗೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು. ಆ ಹಲ್ಲನ್ನು ದೇಶದಿಂದ ಆಚೆ ತರಬೇಕೆಂದರೆ ಪರ್ಮಿಟ್ಟಿನ ರಗಳೆ. ಅಜ್ಜಿಯನ್ನು ತರುವುದು ಇನ್ನೂ ಕಷ್ಟ, ಮಂಡಿ ನೋವು, ವಿಮಾನವೆಂದರೆ ಭಯ. ಹಾಗಾಗಿ ಪದ್ಧತಿಯನ್ನು ತಿರುಗಾಮುರುಗಾ ಮಾಡಿ, ಹೆಣ್ಣಿನ ಕಡೆಯವರಾದ ನಾವೇ ಹೊರಟೆವು.

ಹೊರಡುವ ವಾರ ಹುಡುಗ ನಮ್ಮ ಡೈನಿಂಗ್ ಟೇಬಲ್ ಪಕ್ಕ ನೆಲದ ಮೇಲೆ ಕೂತು ನಮ್ಮ ಮನೆಯವರಿಗೆ ರಿಹರ್ಸಲ್ ಮಾಡಿಸಿದ. ಹಲ್ಲಿನ ಬದಲು ಬಾಳೆಹಣ್ಣು. ಚಿಕ್ಕಪ್ಪ ಉದ್ದ ಭಾಷಣ ಮಾಡುತ್ತಾರೆ, ಅಂಕಲ್, ನೀವು ತಲೆ ತಗ್ಗಿಸಿ ಕೇಳಬೇಕು, ಆಮೇಲೆ ಎರಡೂ ಕೈ ಚಾಚಿ ತಗೋಬೇಕು, ತಗೊಂಡು ಎರಡು ಮಾತು ಹೇಳಬೇಕು ಎಂದ. ಇವರು ಬಾಳೆಹಣ್ಣನ್ನು ಬಹಳ ಗಂಭೀರವಾಗಿ ಸ್ವೀಕರಿಸಿದರು. ನಾನು ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದ ನಕ್ಕೆ. ನನಗೆ ಯಾರೂ ರಿಹರ್ಸಲ್ ಮಾಡಿಸಲಿಲ್ಲ. ನನ್ನ ಪಾತ್ರ ಸುಮ್ಮನೆ ಪಕ್ಕದಲ್ಲಿ ಕೂರುವುದು. ಅದೊಂದು ನನಗೆ ಬರುವುದಿಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಫಿಜಿಯ ದೊಡ್ಡ ವಿಮಾನ ನಿಲ್ದಾಣವಿರುವ ನಾಂದಿ ಎಂಬ ಊರಲ್ಲಿ ಇಳಿದು, ಅಲ್ಲಿಂದ ಚಿಕ್ಕ ವಿಮಾನದಲ್ಲಿ ಸುವಾ ತಲುಪಿದೆವು. ವಿಮಾನ ನಿಲ್ದಾಣದಿಂದ ಊರಿಗೆ ಬರುವ ರಸ್ತೆಯುದ್ದಕ್ಕೂ ಮಳೆ. ಗಾಜಿಲ್ಲದ ಕಿಟಕಿಗಳಿಗೆ ಟಾರ್ಪಾಲು ಇಳಿಬಿಟ್ಟುಕೊಂಡು ಬಸ್ಸುಗಳು ಹೋಗುತ್ತಿದ್ದವು, ಒಳಗಿನಿಂದ ಜೋರು ಹಾಡು. ಊರಿನೊಳಗೆ ಬಂದರೆ ಸೀರೆ ಉಟ್ಟ ಬೊಂಬೆಗಳ ಅಂಗಡಿ, ಪಕ್ಕದಲ್ಲಿ ಬಿಸ್ಕತ್ತಿನ ಸಗಟು ಅಂಗಡಿ, ಅದರ ಪಕ್ಕ ಬ್ಯಾಂಕಿನ ಎತ್ತರದ ಕಟ್ಟಡ, ಎದುರಿಗೆ ಬಂದರಿನ ಕ್ರೇನು. ಟ್ಯಾಕ್ಸಿಯವನು ನನ್ನನ್ನು ಕಂಡು ತನ್ನ ಹಿಂದಿಯಲ್ಲಿ ಮಾತಿಗಿಳಿದ. ಅವನ ಹಿಂದಿಯೇ ಬೇರೆ, ನನ್ನ ಹಿಂದಿ ಮೊದಲೇ ಅಷ್ಟಕ್ಕಷ್ಟೆ. ನೀವು ನಮ್ಮವರ ಹಾಗೇ ಇದ್ದೀರಿ ಎಂದ. ಮೂವತ್ತು ಚಿಲ್ಲರೆ ವರ್ಷದಿಂದ ಆಸ್ಟ್ರೇಲಿಯಾದಲ್ಲಿದ್ದೇನೆ, ಬೀದಿಯಲ್ಲಿ ಯಾರೂ ನನಗೆ ಹಾಗೆ ಹೇಳಿದ್ದಿಲ್ಲ. ಖುಷಿಯಾಯಿತು. ಈ ಊರಲ್ಲಿ ನನಗೇನೂ ಎಡವಟ್ಟಾಗುವುದಿಲ್ಲ ಎಂಬ ಧೈರ್ಯವೂ ಬಂತು.

ಅಜ್ಜಿಯ ಮನೆ ಊರಿನ ಹೊರವಲಯದ ಒಂದು ಗುಡ್ಡದ ಇಳಿಜಾರಿನಲ್ಲಿತ್ತು. ಮರದ ಗೋಡೆ, ತಗಡಿನ ಮಾಡು, ಬಾಗಿಲಾಚೆ ಚಪ್ಪಲಿಗಳ ಸಾಲು. ಒಳಗೆ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ನೆಲಕ್ಕೆ ಚಾಪೆಯ ಮೇಲೆ ಚಾಪೆ ಹಾಸಿದ್ದರು. ಅಜ್ಜಿ ದೊಡ್ಡ ಆಳು. ದೊಡ್ಡ ಹೂವಿನ ಉದ್ದ ಅಂಗಿ, ಚಿಕ್ಕದಾಗಿ ಕತ್ತರಿಸಿದ ಬಿಳಿ ಕೂದಲು. ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತರಾದವರು, ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು. ಕೂರುವಾಗ ಮಂಡಿ ಹಿಡಿದುಕೊಂಡು ‘ಅಮ್ಮಾ’ ಎಂಬಂಥದ್ದೇ ಒಂದು ಸದ್ದು ಮಾಡಿದರು. ನನಗೆ ಅವರು ಕೂಡಲೇ ಇಷ್ಟವಾದರು.

ನಾವು ಸಾಲಾಗಿ ಕೂತೆವು. ಎದುರಿಗೆ ಹುಡುಗನ ಚಿಕ್ಕಪ್ಪ, ಬಂದರಿನಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟಾದ ಮನುಷ್ಯ. ಅವರು ಬಟ್ಟೆ ಬಿಚ್ಚಿ ಹಲ್ಲನ್ನು ಹೊರತೆಗೆದರು. ಅಂಗೈಗಿಂತ ಉದ್ದ, ಎಣ್ಣೆ ಅರಿಶಿನ ತಿಕ್ಕಿ ತಿಕ್ಕಿ ಹಳದಿಗೆ ತಿರುಗಿದ್ದು. ಎರಡು ತುದಿಗೂ ಸೇರಿಸಿ ಹೆಣೆದ ತೆಂಗಿನ ನಾರಿನ ದಾರ. ಅರಿಶಿನ ಕಂಡದ್ದೇ ನನಗೆ ನಮ್ಮ ಮನೆಯಲ್ಲೇ ಕೂತಂತಾಯಿತು. ಚಿಕ್ಕಪ್ಪ ಅವರ ಭಾಷೆಯಲ್ಲಿ ಮಾತಾಡುತ್ತ ಹೋದರು. ಏನೂ ಅರ್ಥವಾಗದಿದ್ದರೂ ಕಿವಿಗೊಟ್ಟು ಕೇಳಿದೆ. ನನ್ನ ಮಗಳ ಹೆಸರು ನಡುನಡುವೆ ಬರುತ್ತಿತ್ತು. ಕೊನೆಗೆ ಅವರು ಮಂಡಿಯ ಮೇಲೆ ಮುಂದೆ ಸರಿದು ಹಲ್ಲನ್ನು ನೀಡಿದರು. ನಮ್ಮ ಮನೆಯವರು ರಿಹರ್ಸಲ್ ಪ್ರಕಾರ ಎರಡೂ ಕೈ ಚಾಚಿದರು.

ಆಗ ನನ್ನ ಕೈ ನಡುವೆ ಬಂತು. ಚಿಕ್ಕಪ್ಪನ ಕೈಯನ್ನು ಮೆತ್ತಗೆ ಅವರ ಕಡೆಗೇ ತಳ್ಳಿ, ‘ಅಯ್ಯೋ ಬೇಡ ಬೇಡ, ಇದೆಲ್ಲ ಯಾಕೆ’ ಎಂದೆ. ಕನ್ನಡದಲ್ಲಿ ಹೇಳಿ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. ಅವರಿಗೆ ತಿಳಿಯಲಿ ಎಂದು ಇಂಗ್ಲಿಷಿನಲ್ಲೂ ಹೇಳಿದೆ: ‘ನೋ ನೋ, ಪ್ಲೀಸ್, ಯು ಕೀಪ್ ಇಟ್.’

ಮೈಸೂರಿನಲ್ಲಿ ಬೆಳೆದ ಯಾವ ಹೆಂಗಸನ್ನಾದರೂ ಕೇಳಿ, ನಾನು ಮಾಡಿದ್ದು ಉಪಚಾರ. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲಕ್ಕೇ ಕೈಚಾಚಿದರೆ ಆಸೆಬುರುಕರು ಎನ್ನುತ್ತಾರೆ. ಬೇಡ ಅನ್ನಬೇಕು. ಅವರು ಇಲ್ಲ ತಗೊಳ್ಳಲೇಬೇಕು ಅನ್ನಬೇಕು. ಮತ್ತೆ ನಾವು ಬೇಡ ಅನ್ನಬೇಕು. ಕೊಡುವವರ ಪ್ರೀತಿ ಎಷ್ಟೆಂದು ಗೊತ್ತಾಗುವುದೇ ಆ ಎಳೆದಾಟದಲ್ಲಿ. ಬ್ರಿಸ್ಬೇನಿನ ಟೂವಾಂಗಿನಲ್ಲಿರುವ ನನ್ನ ನಾದಿನಿಯೂ ನಾನೂ ಒಂದು ಸೀರೆಯನ್ನು ಅವಳ ಫ್ಲ್ಯಾಟಿನ ಬಾಗಿಲಿಂದ ಕಾರಿನವರೆಗೆ ಎಳೆದಾಡಿ, ಕಡೆಗೆ ಅವಳು ಅದನ್ನು ಕಾರಿನ ಕಿಟಕಿಯಿಂದ ಒಳಗೆಸೆದು ಓಡಿದ್ದಾಳೆ. ಪಕ್ಕದ ಮನೆಯವರು ಜಗಳವೆಂದುಕೊಂಡು ಹೊರಗೆ ಬಂದು ನೋಡಿದ್ದರು. ಆ ಸೀರೆ ನನಗೆ ಬೇಕೇ ಬೇಕಾಗಿತ್ತು.

ಚಿಕ್ಕಪ್ಪ ತಾಯಿಯ ಕಡೆ ನೋಡಿದರು. ಅಜ್ಜಿ ತಲೆಯಾಡಿಸಿದರು. ಚಿಕ್ಕಪ್ಪ ಹಲ್ಲನ್ನು ಹಿಂದಕ್ಕೆ ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿಟ್ಟರು. ಯಾರ ಮುಖದಲ್ಲೂ ಕೋಪವಿಲ್ಲ. ಚಹಾ ಬಂತು, ಕೇಕು ಬಂತು. ಈ ಸಲ ಮಳೆ ಜಾಸ್ತಿ ಎಂದು ಚಿಕ್ಕಪ್ಪ ಹೇಳಿದರು, ಹೌದೆಂದು ಇವರು ಹೇಳಿದರು. ನಾನು ಎರಡನೆಯ ಸಲಕ್ಕೆ ಕಾಯುತ್ತ ಕೂತೆ. ಈಗ ಹಲ್ಲು ಮತ್ತೆ ಬರುತ್ತದೆ, ಈ ಸಲ ಸ್ವಲ್ಪವೇ ಬೇಡ ಅಂದು ತಗೊಂಡುಬಿಡಬೇಕು ಎಂದುಕೊಂಡೆ. ಬರಲಿಲ್ಲ. ಹುಡುಗ ತನ್ನ ಚಹಾದ ಬಟ್ಟಲನ್ನೇ ನೋಡುತ್ತಿದ್ದ. ಮಗಳ ಮುಖ ನೋಡಿದಾಗ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

ಹೋಟೆಲಿಗೆ ವಾಪಸು ಬರುವ ಟ್ಯಾಕ್ಸಿಯಲ್ಲಿ ಅವಳು ಬಾಯಿ ಬಿಟ್ಟಳು.

‘ಅಮ್ಮ, ವಾಟ್ ವಾಸ್ ದಟ್? ನೋ ಅಂದ್ಬಿಟ್ಟೆಯಲ್ಲ!’

‘ನಾನೆಲ್ಲೇ ನೋ ಅಂದೆ? ಸುಮ್ನೆ ಒಂದು ಉಪಚಾರಕ್ಕೆ ಬೇಡ ಅಂದೆ. ಅವ್ರು ಇನ್ನೊಂದ್ಸಲ ಕೊಡ್ಬೇಕಿತ್ತು.’

‘ದೇರ್ ಈಸ್ ನೋ ಇನ್ನೊಂದ್ಸಲ! ತಗೊಳ್ಳದಿದ್ರೆ ಮುಗೀತು ಅಂತ ಅವನು ಹೇಳಿರ್ಲಿಲ್ವಾ?’

‘ಹೇಳಿದ್ದು ನಿಮ್ಮಪ್ಪನಿಗೆ’ ಎಂದು ನಾನು ಇವರ ಕಡೆ ತಿರುಗಿದೆ. ‘ನೀವ್ಯಾಕ್ರೀ ಕೈ ಹಿಂದಕ್ಕೆ ತಗೊಂಡ್ರಿ?’

‘ನೀನು ಬೇಡ ಅಂದ್ಯಲ್ಲ ಕಣೇ’ ಎಂದರು. ನಿಜವೇ. ನಾನು ಬೇಡವೆಂದ ಮೇಲೂ ಕೈ ಚಾಚುವ ಅಭ್ಯಾಸ ಅವರಿಗೆ ಇಷ್ಟು ವರ್ಷದಲ್ಲಿ ಆಗಿಲ್ಲ.

ಮಗಳು ಕಿಟಕಿಯಾಚೆ ನೋಡುತ್ತ ಹೇಳಿದಳು: ‘ಯು ನೆವರ್ ವಾಂಟೆಡ್ ದಿಸ್. ಬಾಯಲ್ಲಿ ಓಕೆ ಅಂತಿದ್ದೆ, ಒಳಗಿರೋದು ಇವತ್ತು ಆಚೆ ಬಂತು.’

ನನಗೆ ರೇಗಿಹೋಯಿತು. ಟ್ಯಾಕ್ಸಿಯವನಿಗೆ ಅರ್ಥವಾಗದಿದ್ದರೂ ಬೆಚ್ಚುವಷ್ಟು ಜೋರಾಗಿ, ನನ್ನ ಮಾತು ನಂಬದಿದ್ದರೆ ಬಿಡು ಎಂದೆ. ಅವಳು ಬಿಟ್ಟಳು. ಹೋಟೆಲಿನಲ್ಲಿ ತನ್ನ ರೂಮಿನ ಬಾಗಿಲು ಹಾಕಿಕೊಂಡವಳು ಊಟಕ್ಕೂ ಬರಲಿಲ್ಲ. ನಾನು ನನ್ನನ್ನೇ ಕೇಳಿಕೊಂಡೆ, ಒಳಗೆಲ್ಲಾದರೂ ಬೇಡ ಇತ್ತೇ ಎಂದು. ಇರಲಿಲ್ಲ. ಇದ್ದದ್ದು ಬೇರೆ. ಇರುವವಳು ಒಬ್ಬಳೇ ಮಗಳು, ಅವಳನ್ನು ಕೊಡಿ ಎಂದು ಯಾರಾದರೂ ನನ್ನನ್ನು ಒಂದಿಷ್ಟು ಬಲವಂತ ಮಾಡಲಿ, ಕಾಡಲಿ, ಬೇಡಿಕೊಳ್ಳಲಿ ಎಂಬ ಆಸೆ ಇತ್ತು. ಆ ಆಸೆ ನನಗೆ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ.

ಬೆಳಿಗ್ಗೆ ತಿಂಡಿಗೆ ಇಳಿದರೆ ಹುಡುಗ ಲಾಬಿಯಲ್ಲಿ ಕೂತಿದ್ದ. ಕಣ್ಣು ಕೆಂಪಾಗಿತ್ತು. ನಾನೇ ಹೋಗಿ ಪಕ್ಕದಲ್ಲಿ ಕೂತು, ನೆನ್ನೆಯದನ್ನು ಸರಿಮಾಡಲು ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ‘ಆಂಟಿ, ಅದು ಮಿಸ್ಟೇಕ್ ಆಗಿದ್ರೆ ಕಾವಾ ಬೇರು ತಗೊಂಡು ಹೋಗಿ ಅಜ್ಜಿ ಮುಂದೆ ಇಟ್ಟು ಸಾರಿ ಕೇಳಬಹುದು. ಮಿಸ್ಟೇಕ್ ಅಲ್ಲದಿದ್ರೆ ಏನೂ ಮಾಡ್ಬೇಕಾಗಿಲ್ಲ. ಐ ವಿಲ್ ಅಂಡರ್‌ಸ್ಟ್ಯಾಂಡ್’ ಎಂದ. ಅವನ ಕನ್ನಡ ನನ್ನ ಮನೆಯ ಭಾನುವಾರಗಳಲ್ಲಿ ಕಲಿತದ್ದು. ನನ್ನ ಜೊತೆ ಯಾವತ್ತೂ ವಾದಿಸುವವನು ಅಂದು ವಾದಿಸಲೇ ಇಲ್ಲ. ‘ಎದ್ದೇಳು, ಮಾರ್ಕೆಟ್ಟಿಗೆ ನಡಿ’ ಎಂದೆ.

ಸುವಾದ ಮಾರುಕಟ್ಟೆ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಇದೆ. ಕೆಳಗೆ ಕೆಸುವಿನ ಗೆಡ್ಡೆಗಳ ಗುಡ್ಡೆ, ಮರಗೆಣಸು, ಅನಾನಸು, ಬೆಂಡೆಕಾಯಿ, ಕರಿಬೇವು ಕೂಡ. ಬೇರೆ ದಿನವಾಗಿದ್ದರೆ ಅಲ್ಲಿಂದ ನನ್ನನ್ನು ಹೊರಡಿಸಲು ಇಬ್ಬರು ಬೇಕಾಗುತ್ತಿತ್ತು. ಮೇಲಿನ ಮಹಡಿ ಪೂರ್ತಿ ಕಾವಾ. ಕುಟ್ಟಿ ನೀರಿನಲ್ಲಿ ಕಲಸಿ ಕುಡಿಯುವ ಬೇರು ಅದು, ಒಣಮಣ್ಣಿನ, ಮೆಣಸಿನ ವಾಸನೆ. ಪುಡಿ ತಗೋಬಾರದು, ಇಡೀ ಬೇರೇ ಆಗಬೇಕು ಎಂದ ಹುಡುಗ. ಅಂಗಡಿಯವಳು ಬೇರುಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ರಿಬ್ಬನ್ನು ಕಟ್ಟಿ ಕೊಟ್ಟಳು. ಹುಡುಗ ಹೊತ್ತುಕೊಳ್ಳಲು ಬಂದ. ಕೊಡಲಿಲ್ಲ, ನಾನೇ ಹಿಡಿದುಕೊಂಡೆ.

ನಾವು ಬರುವಷ್ಟರಲ್ಲಿ ನಮ್ಮ ಮನೆಯವರು ಮಗಳನ್ನು ಹೇಗೋ ಒಪ್ಪಿಸಿ ಕೆಳಗೆ ಕರೆತಂದಿದ್ದರು. ಅವಳು ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡಿದಳು, ಕಾರು ಹತ್ತಿದಳು.

ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದರು. ನಾನು ಕಟ್ಟನ್ನು ಅವರ ಮುಂದಿಟ್ಟು ಕೂತೆ. ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಅಪಾಯಿಂಟ್‌ಮೆಂಟ್ ಕೊಡುವುದು ನನ್ನ ಕೆಲಸ. ನನ್ನ ಇಂಗ್ಲಿಷ್ ಆ ಕೆಲಸಕ್ಕೆ ಸಾಕು, ಕ್ಷಮೆ ಕೇಳಲು ಸಾಲದು. ಆದರೂ ಹೇಳಿದೆ. ನಮ್ಮಲ್ಲಿ ಬೇಡ ಅನ್ನುವುದು ಹೇಗೆ, ಎಷ್ಟು ಸಲ, ಯಾಕೆ ಎಂದು ಹೇಳಿದೆ. ನಾದಿನಿಯ ಸೀರೆಯ ಕತೆ ಹೇಳಿದೆ. ಅಜ್ಜಿ ಮೊದಲು ಗಂಭೀರವಾಗಿ ಕೇಳುತ್ತಿದ್ದವರು, ಕಿಟಕಿಯಿಂದ ಸೀರೆ ಎಸೆದು ಓಡಿದಳು ಎಂದಾಗ ಮಡಿಸುತ್ತಿದ್ದ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ನಗಲು ಶುರುಮಾಡಿದರು. ಹೊಟ್ಟೆ ಕುಲುಕಿ ಕುಲುಕಿ ನಕ್ಕರು. ಸೀರೆಯ ಬಣ್ಣ ಯಾವುದು ಎಂದು ಕೇಳಿದರು. ಆಮೇಲೆ ಕಟ್ಟಿನ ಮೇಲೆ ಕೈಯಿಟ್ಟು ತಮ್ಮ ಭಾಷೆಯಲ್ಲಿ ಏನೋ ಹೇಳಿ, ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ‘ಅಜ್ಜಿ ಒಪ್ಪಿದ್ರು, ಆಂಟಿ’ ಎಂದ ಹುಡುಗ.

ಚಿಕ್ಕಪ್ಪನಿಗೆ ಫೋನು ಮಾಡಲು ಅಜ್ಜಿ ಹುಡುಗನನ್ನು ಹೊರಗೆ ಕಳಿಸಿದರು. ಅವನ ಹಿಂದೆ ಮಗಳೂ ಇವರೂ ಎದ್ದುಹೋದರು. ನಾವಿಬ್ಬರೇ ಉಳಿದೆವು. ನನಗೆ ನಿರಾಳವಾಗಿತ್ತು, ಬಟ್ಟೆ ಮಡಿಸಲು ನಾನೂ ಕೈಹಾಕಿದೆ. ಹುಡುಗನ ಹಳೆಯ ರಗ್ಬಿ ಶರ್ಟೊಂದು ನನ್ನ ಕೈಗೆ ಬಂತು. ಅವನು ಅದನ್ನು ಬಿಟ್ಟುಹೋಗಿ ವರ್ಷಗಳಾದವು, ಆದರೂ ಆಗಾಗ ಒಗೆಯುತ್ತೇನೆ ಎಂದರು.

‘ನೆನ್ನೆ ನೀವು ಬೇಡ ಎಂದಾಗ ಅವನಿಗಾಗಿ ನನಗೆ ಬಹಳ ದುಃಖವಾಯಿತು’ ಎಂದು ಅಜ್ಜಿ ಮಾತು ಶುರುಮಾಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ‘ಆದರೆ ಮಲಗಿದಾಗ ಇನ್ನೊಂದು ಯೋಚನೆ ಬಂತು. ಈ ಮದುವೆ ಆಗದಿದ್ದರೆ ಅವನಿಗೆ ಬ್ರಿಸ್ಬೇನ್ ಬೇಸರವಾಗುತ್ತದೆ. ಬೇಸರವಾದರೆ ಮನೆಗೆ ಬರುತ್ತಾನೆ. ಅವನ ಹಾಸಿಗೆಗೆ ಯಾವ ಚಾದರ ಹಾಸಬೇಕು ಎಂದು ಕೂಡ ಯೋಚಿಸಿದೆ. ದೇವರು ನನ್ನನ್ನು ಕ್ಷಮಿಸಲಿ.’

ಮದುವೆಯಾದ ಮೇಲೆ ಅವರಿಬ್ಬರೂ ಇರುವುದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ. ಬಾಡಿಗೆಗೆ ಮನೆ ಕೂಡ ನೋಡಿಟ್ಟಿದ್ದಾರೆ. ಮಗಳು ಪ್ರತಿ ಭಾನುವಾರ ಬರುತ್ತಾಳೆ, ಜೊತೆಗೆ ಅವನೂ ಬರುತ್ತಾನೆ. ಅಷ್ಟು ದಿನ ನಾನು ಮಗಳನ್ನು ಕೊಡುತ್ತಿದ್ದೇನೆ, ಕೊಡುತ್ತಿದ್ದೇನೆ ಎಂದು ಕೊರಗಿದ್ದೆ. ಕೊಡುತ್ತಿದ್ದವರು ಯಾರು ಎಂದು ಆ ಚಾಪೆಯ ಮೇಲೆ ನನಗೆ ಗೊತ್ತಾಯಿತು, ನಾಚಿಕೆಯಾಯಿತು, ಅಳು ಬಂತು. ನೀವೂ ಬನ್ನಿ, ನಮ್ಮ ಜೊತೆ ಇರಿ ಎಂದೆ. ಅವರು ಮಂಡಿ ತೋರಿಸಿ ನಕ್ಕರು.

ಹುಡುಗ ಒಳಗೆ ಬಂದು, ಚಿಕ್ಕಪ್ಪನಿಗೆ ಸಂಜೆಯವರೆಗೆ ಡ್ಯೂಟಿ, ಹಲ್ಲು ಕೊಡುವುದನ್ನು ಸಂಜೆಗೆ ಇಟ್ಟುಕೊಳ್ಳೋಣ ಎಂದರಂತೆ ಎಂದು ಹೇಳಿದ. ಅಜ್ಜಿ ಒಪ್ಪಲಿಲ್ಲ. ‘ಸಂಜೆಯವರೆಗೆ ಕಾದರೆ ನನ್ನ ಮನಸ್ಸು ಬದಲಾಗಬಹುದು’ ಎಂದರು. ಹುಡುಗ ತಮಾಷೆಯೆಂದುಕೊಂಡು ನಕ್ಕ. ನಾನು ನಗಲಿಲ್ಲ.

ಅವರು ಗೋಡೆ ಹಿಡಿದು ಎದ್ದು, ಒಳಗಿನ ಕೋಣೆಯಿಂದ ಬಟ್ಟೆಯ ಗಂಟು ತಂದು ನನ್ನ ಎದುರು ಕಷ್ಟಪಟ್ಟು ಕೂತರು. ಮಗಳೂ ಇವರೂ ಬಂದು ನನ್ನ ಪಕ್ಕ ಕೂತರು. ಮಗಳ ಭುಜ ನನ್ನ ಭುಜಕ್ಕೆ ತಾಗಿತು, ಅವಳು ಸರಿಯಲಿಲ್ಲ. ಅಜ್ಜಿಯ ಭಾಷಣ ಚಿಕ್ಕದು, ಮಗನದಷ್ಟು ಉದ್ದವಿಲ್ಲ. ಅದರಲ್ಲಿ ಮೊಮ್ಮಗನ ಹೆಸರು ಎರಡು ಸಲ ಬಂತು. ಆಮೇಲೆ ಹಲ್ಲನ್ನು ನೀಡಿದರು. ನಾನು ಗಂಡನಿಗೆ ಕಾಯದೆ ಎರಡೂ ಕೈ ಚಾಚಿ ಹಿಡಿದುಕೊಂಡೆ, ಯೆಸ್ ಎಂದೆ.

ಹಲ್ಲು ನನ್ನ ಅಂಗೈಯಲ್ಲಿತ್ತು, ಆದರೆ ದಾರ ಇನ್ನೂ ಅವರ ಬೆರಳುಗಳಲ್ಲೇ ಇತ್ತು. ಅವರು ಅದನ್ನು ಬಿಡಲಿಲ್ಲ. ನಾನು ಎಳೆಯಲಿಲ್ಲ.